ಲೈಸೆನ್ಸ್ ಬರುವವರೆಗೆ

ಕಾಫಿ ಲೋಟ ಮಾದೇಶನ ತುಟಿಯ ಹತ್ತಿರ ಹೋಗಿತ್ತು... ಅಲ್ಲಿಂದಲೇ ಕೆಳಗಿಳಿಯಿತು!

ಹೊಸ ಅಗ್ರಹಾರದ ಆ ನಡುಮನೆಯಲ್ಲಿ ಎಲ್ಲರ ಮುಖವೂ ಬಿಳುಚಿಕೊಂಡಿತು. ಹೆಣ್ಣು ನೋಡಲು ಬಂದವರು ಕೊಟ್ಟಿದ್ದನ್ನು ಮುಟ್ಟದೆ ಎದ್ದರೆ ಸಂಬಂಧ ಬೇಡವೆಂದೇ ಅರ್ಥ.

ಅರೆಕ್ಷಣದ ಹಿಂದೆ ಇದೇ ಮಾದೇಶ್, "ನಿಮ್ಮ ಕೆಲ್ಸದ ಬಗ್ಗೆ ಹೇಳ್ರೀ," ಎಂದು ನಗುತ್ತ ಕೇಳಿದ್ದ. ಅಡುಗೆ ಬರುತ್ತಾ ಅನ್ನದೆ ಕೆಲಸ ಕೇಳಿದ ಮೊದಲ ಗಂಡು! ರೂಪಶ್ರೀಗೆ ಅಷ್ಟರಲ್ಲೇ ಅವನು ಹಿಡಿಸಿಬಿಟ್ಟಿದ್ದ.

"ಅಣುವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ರಿಯಾಕ್ಟರ್ ನಡೆಸೋ ಲೈಸೆನ್ಸಿಗೆ ಮುಂದಿನ ತಿಂಗ್ಳು ಇಂಟರ್ವ್ಯೂ ಇದೆ," ಅಂದಿದ್ದಳು.

"ಕ್ಷಮಿಸಿ ಕಣ್ರೀ... ಈಗ ನಾನೇನೂ ಹೇಳಂಗಿಲ್ಲ," ಎಂದವನೇ ತಾಯಿಯನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟ.

ಅಪ್ಪ ದೇವರಾಜು ಕುದಿದುಹೋದರು. "ನಮ್ಮನೆ ಕಾಫಿ ಅವನಿಗೆ ವಿಸ ಆಯ್ತಾ? ಮರ್ತ್‌ಬುಡವ್ವ ಅವನ್ನ!"

ಮರೆಯುವುದಾ? ಸ್ಥಾವರದ ಕ್ವಾರ್ಟರ್ಸ್‌ನಲ್ಲಿ ಪುಸ್ತಕ ತೆರೆದರೆ ಅವನ ನಗು. ಫೋನ್ ಸದ್ದಾದರೆ ಅವನದೇ ಇರಬಹುದೆಂದು ಓಡುತ್ತಿದ್ದಳು. 'ಬೇಡವೆಂದು ಎದ್ದುಹೋದವನಿಗೆ ಯಾಕಿಷ್ಟು ಹಂಬಲಿಸ್ತೀಯೇ?' ತನ್ನನ್ನೇ ಬೈದುಕೊಂಡಳು. ಅತ್ತಳು. ಕಣ್ಣೊರೆಸಿಕೊಂಡು ಮತ್ತೆ ಓದಿದಳು.

ಲೈಸೆನ್ಸ್ ಬಂತು. ಸಿಹಿ ಹಂಚಲು ಊರಿಗೆ ಬಂದವಳು ನಾಲೆಯ ಏರಿಯ ಮೇಲೆ ನಡೆಯುತ್ತಿದ್ದರೆ, ಎದುರಿಗೆ ಮಾದೇಶ್!

"ಯಾಕ್ ಬಂದ್ರಿ? ಅವತ್ತು ಮಾಡಿದ ಅವಮಾನ ಸಾಲ್ದಾ?"

"ಒಂದ್ನಿಮಿಷ ಕೇಳಿ... ನಾನು ಅಣುಶಕ್ತಿ ನಿಯಂತ್ರಣ ಮಂಡಳೀಲಿರೋನು. ನಿಮ್ಮ ಇಂಟರ್ವ್ಯೂ ಮಾಡ್ಬೇಕಾದೋರಲ್ಲಿ ನಾನೂ ಒಬ್ಬ ಇದ್ದೆ. ಲೈಸೆನ್ಸ್ ಕೇಳೋರ ಮನೇಲಿ ನಾವು ನೀರೂ ಕುಡಿಯಂಗಿಲ್ಲ. ಬ್ರೋಕರ್ ನಂಜಣ್ಣ ನಿಮ್ದು ಕೆಇಬಿ ಕೆಲ್ಸ ಅಂದಿದ್ದ ಕಣ್ರೀ!"

ರೂಪಶ್ರೀ ತಬ್ಬಿಬ್ಬಾದಳು. "ಆದ್ರೆ... ಇಂಟರ್ವ್ಯೂನಲ್ಲಿ ನೀವಿರ್ಲಿಲ್ಲ."

"ನಾನೇ ಹೊರಗುಳಿದೆ. ಈ ಹುಡುಗಿ ಮ್ಯಾಲೆ ನಂಗೆ ಮನಸ್ಸಾಗ್ಬಿಟ್ಟದೆ, ನಾನು ಕೂರೋದು ನ್ಯಾಯ ಅಲ್ಲ ಅಂತ ಮೇಲಿನವರ ಮುಂದೆ ಒಪ್ಕೊಂಡೆ."

"ಆಫೀಸಲ್ಲೆಲ್ಲಾ ಹೇಳಿದ್ರಿ... ನನಗೊಬ್ಬಳಿಗೆ ಹೇಳ್ಲಿಲ್ಲ!"

"ಮೊದ್ಲೇ ಹೇಳಿದ್ರೆ, ಲೈಸೆನ್ಸ್ ಓದಿ ತಗೊಂಡ್ಲೋ, ಅವನು ಕೊಡಿಸಿದ್ನೋ ಅಂತ ಜನ ಆಡ್ಕೊಳೋರು. ಅದು ಪೂರ್ತಿ ನಿಮ್ದೇ ಆಗ್ಬೇಕಿತ್ತು."

ತಾನು ಅತ್ತ ದಿನಗಳಲ್ಲಿ ಇವನೂ ಬಾಯಿ ಬಿಗಿದುಕೊಂಡು ಕಾದಿದ್ದನಲ್ಲ!

"ಈಗ ಹೇಳಿ."

"ಏನು?"

"ಅವರ ಮುಂದೆ ಒಪ್ಕೊಂಡ್ರಲ್ಲಾ, ಅದನ್ನೇ... ನನ್ನ ಮುಖ ನೋಡಿ ಹೇಳಿ."

ಮಾದೇಶ್ ತಡವರಿಸುತ್ತಲೇ ಹೇಳಿದ.

"ಕೇಳಿಸ್ಲಿಲ್ಲ," ಎಂದಳು ರೂಪಶ್ರೀ, ಕಣ್ಣೀರಲ್ಲೇ ನಗುತ್ತಾ. "ಇನ್ನೊಂದ್ಸಲ ಹೇಳಿ."