ಕೊರವಂಗಲದ ಬಂಡೆಯ ಗೂಬೆಮರಿ

"ಬಂಡೆ ಮ್ಯಾಲಿನ್ ಗೂಬೆಮರಿ ಇಲ್ಲ ಕಣಕ್ಕಾ. ಯಾರೋ ಎತ್ಕೊಂಡೋಗವ್ರೆ."

ಶನಿವಾರ ಬೆಳಗ್ಗೆ ಪತ್ರಿಕಾ ಕಚೇರಿಯ ಬೀಗ ತೆಗೆಯಲು ಬಂದರೆ ಮೆಟ್ಟಿಲ ಮೇಲೆ ದೇವರಾಜು ಕೂತಿದ್ದ. ಕೊರವಂಗಲದ ರೈತ. ಅವನ ಹೊಲಕ್ಕೆ ಅಂಟಿಕೊಂಡೇ ಆ ಬಂಡೆ ಇತ್ತು. ಅಲ್ಲಿ ಗೂಬೆ ಗೂಡು ಮಾಡಿದೆ ಎಂದು ಎರಡು ವಾರದ ಹಿಂದೆ ಬಂದು ಹೇಳಿ ಹೋಗಿದ್ದವನೂ ಅವನೇ.

"ನೀನು ನೋಡಿದ್ಯಾ ಮರಿನ?"

"ಎಲ್ಲಿ ನೋಡಾನ? ಅಷ್ಟೆತ್ತರ ಯಾರತ್ತಾರೆ? ಸಂಜೆ ಉಸ್ ಉಸ್ ಅಂತಿತ್ತು, ಅಷ್ಟೇಯ. ನೆನ್ನೆ ಸದ್ದಿಲ್ಲ. ತಾಯಿ ಒಂದೇ ಸಮ ಕೂಗ್ತಾ ಅದೆ. ಕೇಳಕ್ಕಾಗಲ್ಲ."

ನಾನು ನೀಲಾಂಬಿಕೆ. ಹಾಸನದ ಒಂದು ಪುಟ್ಟ ದಿನಪತ್ರಿಕೆಯ ವರದಿಗಾರ್ತಿ. ಕೊಲೆ, ಕಳವು, ನಲ್ಲಿ ನೀರಿನ ಜಗಳ ಎಲ್ಲ ನನ್ನ ತಲೆಗೇ. ಭಾನುವಾರ ಮಾತ್ರ ‘ಈ ವಾರ ಕಂಡ ಹಕ್ಕಿ’ ಅಂಕಣ. ಇದು ೧೯೯೯ರ ಮಾತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಓದುಗರು ಕಾರ್ಡು ಬರೆಯುತ್ತಿದ್ದರು, ನಮ್ಮ ಕೆರೆಯಲ್ಲಿ ಇಂಥ ಹಕ್ಕಿ ಕಂಡೆವು ಎಂದು. ಅಂಕಣಕ್ಕೆ ಎರಡು ಕಟ್ಟುಪಾಡು. ಗೂಡಿನ ಜಾಗ ಯಾವತ್ತೂ ಅಚ್ಚಾಗಬಾರದು. ಪ್ರಾಧ್ಯಾಪಕ ಪ್ರದ್ಯುಮ್ನ ಒಪ್ಪದೆ ಯಾವ ಹಕ್ಕಿಯ ಹೆಸರೂ ಅಚ್ಚಾಗಬಾರದು. ಹಕ್ಕಿ ವಿಷಯದಲ್ಲಿ ಜಿಲ್ಲೆಗೆಲ್ಲ ಅವರ ಮಾತೇ ಕೊನೆ.

ದೇವರಾಜುವನ್ನು ಠಾಣೆಗೆ ಕರೆದುಕೊಂಡು ಹೋದೆ. ದೂರು ಕೊಡಿಸಿದೆ. ಬಂಡೆ ನೋಡಲೆಂದು ಪೊಲೀಸರು ಅವನ ಜೊತೆ ಊರಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ದೂರು ಕೊಟ್ಟವನೇ ಲಾಕಪ್ಪಿನಲ್ಲಿದ್ದ!

* * *

"ಬಂಡೆ ಬುಡದಲ್ಲಿ ಕುಂಕುಮ, ನಿಂಬೆಹಣ್ಣು. ಅವನ ಗುಡಿಸಲಲ್ಲಿ ಹಗ್ಗ. ನಾಳಿದ್ದು ಅಮಾವಾಸ್ಯೆ," ಅಂದರು ಸಬ್ ಇನ್ಸ್‌ಪೆಕ್ಟರ್ ರಂಗಸ್ವಾಮಿ. "ಮಾಟಕ್ಕೆ ಮಾರಿದ್ದಾನೆ. ಇನ್ನೇನ್ರೀ ಬೇಕು?"

"ಹಗ್ಗ ಇಲ್ಲದ ರೈತನ ಮನೆ ಯಾವುದು ಸಾರ್? ಕದ್ದವನು ತಾನೇ ಬಂದು ದೂರು ಕೊಡ್ತಾನಾ?"

"ಬುದ್ಧಿವಂತ ಕಳ್ಳರೂ ಇರ್ತಾರೆ."

ಪಕ್ಕದ ಕುರ್ಚಿಯಲ್ಲಿ ಪ್ರದ್ಯುಮ್ನ ಕೂತಿದ್ದರು. ತಜ್ಞರೆಂದು ರಂಗಸ್ವಾಮಿಯವರೇ ಕರೆಸಿದ್ದು. ಪ್ರಾಧ್ಯಾಪಕರು ನಿಟ್ಟುಸಿರು ಬಿಟ್ಟರು.

"ನಾನು ಆ ಬಂಡೆ ಹತ್ತಿರ ತಲೆ ಹಾಕಿದವನೇ ಅಲ್ಲ. ಹಾಗಾಗಿ ಗೂಬೆ ಯಾವುದು ಅಂತ ಹೇಳಲಾರೆ. ಆದರೆ ಈ ಜನ ಗೊತ್ತಲ್ಲ? ಮೂಢನಂಬಿಕೆ. ಎಷ್ಟು ತಿಳಿಹೇಳಿದರೂ ಅಷ್ಟೇ."

ನನಗೆ ಮೈಯೆಲ್ಲ ಉರಿಯಿತು. ಈ ಜನವಂತೆ! ಗೂಬೆ ಕೂಗಿದರೆ ಕಲ್ಲು ಹೊಡೆಯುವ ಊರಿನಲ್ಲಿ, ಬಸ್ ಹತ್ತಿ ಬಂದು ಅದರ ಸುದ್ದಿ ಹೇಳಿದವನು ದೇವರಾಜು. ಅವನಿಗೆ ಸಿಕ್ಕ ಮರ್ಯಾದೆ ಇದು.

ಹೊರಗೆ ಅವನ ಹೆಂಡತಿ ಬೆಟ್ಟಮ್ಮ ಗೋಡೆಗೊರಗಿ ನಿಂತಿದ್ದಳು.

"ನಾಳೆ ಜಡ್ಜ್ ಮುಂದೆ ನಿಲ್ಲುಸ್ತಾರಂತೆ. ಜೈಲಿಗಾಕ್ಬುಟ್ರೆ ನಾ ಊರಲ್ಲಿ ಎಂಗವ್ವ ಮಕ ಎತ್ತಲಿ? ಆಗ್ಲೇ ಮಾಟಗಾರ್ನ ಎಂಡ್ತಿ ಅಂತಾವ್ರೆ."

* * *

ಮೊದಲು ಕೊರವಂಗಲಕ್ಕೆ ಹೋದೆ. ಬಂಡೆಯ ಬುಡದಲ್ಲಿ ಹಿಕ್ಕೆ ಬಿದ್ದಿತ್ತು. ಅದರ ನಡುವೆ ಏಡಿಯ ಚಿಪ್ಪು, ಮೀನಿನ ಮುಳ್ಳು. ಮೇಲೆ ಕಲ್ಲಿನ ಅಂಚಿಗೆ ಹಗ್ಗ ಉಜ್ಜಿದ ಗುರುತು.

ಅಲ್ಲಿಂದ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅಲ್ಲೊಬ್ಬ ಯಂತ್ರ ಕಟ್ಟುವವನಿದ್ದ. ಗೂಬೆ ಕೊಳ್ಳುತ್ತಾನೆಂಬ ಗುಮಾನಿ. ಅವನು ನಕ್ಕುಬಿಟ್ಟ.

"ಮರಿ ಕಟ್ಕೊಂಡು ನಾ ಏನ್ ಮಾಡ್ಲವ್ವ? ಮಾಟ ಅಂತ ಬರೋರು ಕೊಂಬಿರೋ ದೊಡ್ಡ ಗೂಬೇನೇ ಕೇಳ್ತಾರೆ. ಆ ಪಾಪದ ಕೆಲ್ಸ ನಾ ಬುಟ್ಟು ಸ್ಯಾನೆ ವರ್ಸ ಆಯ್ತು. ಬೇಕಾರೆ ಮನೆ ಉಡುಕ್ಕೊ."

ಹುಡುಕಿದೆ. ತಾಯಿತ, ತಗಡು, ಒಂದು ಬೆಕ್ಕು. ಗೂಬೆ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಬಂಡೆಯ ಗೂಡಿನ ವಿಷಯ ದೇವರಾಜು ನನಗೊಬ್ಬಳಿಗೇ ಹೇಳಿದ್ದ. ನಾನು ಹೇಳಿದ್ದು ಒಬ್ಬರಿಗೇ. ಪ್ರದ್ಯುಮ್ನರಿಗೆ. ಛೆ, ಅವರಾ? ಶಾಲೆ ಶಾಲೆ ಸುತ್ತಿ ಗೂಡು ಮುಟ್ಟಬೇಡಿ ಮಕ್ಕಳೇ ಎನ್ನುವ ಮನುಷ್ಯ! ಸಾಕ್ಷಿ ಇಲ್ಲದೆ ಅವರ ಹೆಸರೆತ್ತಿದರೆ ಹುಚ್ಚಿ ಅಂದಾರು.

ಆದರೆ ಹಕ್ಕಿ ನೋಡುವವರ ಸಹವಾಸ ನನಗೆ ಹೊಸದಲ್ಲ. ಮನೆ ಸುಟ್ಟರೂ ಸುಮ್ಮನಿರುತ್ತಾರೆ. ತಮ್ಮ ಹೆಸರಿನಲ್ಲಿ ತಪ್ಪು ಹಕ್ಕಿ ಅಚ್ಚಾದರೆ ಸುಮ್ಮನಿರಲಾರರು.

ಆ ಸಂಜೆ ಅಂಕಣವನ್ನು ಅವರಿಗೆ ತೋರಿಸದೆ ಅಚ್ಚಿಗೆ ಕೊಟ್ಟೆ. ರಂಗಸ್ವಾಮಿಯವರನ್ನು ಬೆಳಗ್ಗೆ ಕಾಫಿಗೆ ಕರೆದೆ.

"ನಿಮ್ಮ ನಾಟಕ ನಡೀಲಿಲ್ಲ ಅಂದ್ರೆ ದೇವರಾಜುನ ಮಧ್ಯಾಹ್ನವೇ ಜಡ್ಜ್ ಮನೆಗೆ ಕರ್ಕೊಂಡು ಹೋಗ್ತೀನಿ," ಅಂದರು.

* * *

ಭಾನುವಾರ ಪತ್ರಿಕೆ ಹಂಚಿ ಮುಗಿದಿರಲಿಲ್ಲ, ಪ್ರದ್ಯುಮ್ನ ಬಾಗಿಲು ತಳ್ಳಿಕೊಂಡು ಬಂದರು. ಕೈಯಲ್ಲಿ ಮುದುಡಿದ ಪತ್ರಿಕೆ.

"ಏನಿದು ನೀಲಾಂಬಿಕೆ? ‘ಕಳುವಾದದ್ದು ದಪ್ಪ ಪುಕ್ಕದ ಕಾಲಿನ ಕೊಂಬಿನ ಗೂಬೆಯ ಎರಡು ಮರಿಗಳು, ಗುರುತಿಸಿದವರು ಪ್ರದ್ಯುಮ್ನ’ ಅಂತ! ನಾನು ಯಾವಾಗ ಗುರುತಿಸಿದೆ?"

"ನೀವಲ್ಲದೆ ಇನ್ಯಾರು ಸಾರ್? ಬಂಡೆಯಲ್ಲಿ ಗೂಡು ಮಾಡೋದು ಕೊಂಬಿನ ಗೂಬೆ ತಾನೆ?"

"ನಿಮ್ಮ ತಲೆ! ಮೈಸೂರಿನವರು ಓದಿದರೆ ನಗುತ್ತಾರೆ. ಅದು ಮೀನುಗೂಬೆ. ಕಾಲು ಪೂರ್ತಿ ಬೋಳು, ಒಂದು ಪುಕ್ಕ ಇಲ್ಲ!"

"ಎರಡೂ ಮರಿಗಳದ್ದಾ?"

"ಎರಡೆಲ್ಲಿಂದ ಬಂತು? ಇದ್ದದ್ದು ಒಂದೇ. ಪಕ್ಕದಲ್ಲಿ ಒಡೆಯದ ಮೊಟ್ಟೆ. ತಿದ್ದುಪಡಿ ಹಾಕಿ. ದಾಖಲೆ ಅಂದ್ರೆ ಆಟ ಅಲ್ಲ!"

ಮೂಲೆಯ ಕುರ್ಚಿಯಲ್ಲಿ ಮುಖಕ್ಕೆ ಪತ್ರಿಕೆ ಹಿಡಿದಿದ್ದ ಮನುಷ್ಯ ಅದನ್ನು ಮಡಚಿಟ್ಟ. ರಂಗಸ್ವಾಮಿ ಅಂದು ಖಾಕಿ ಹಾಕಿರಲಿಲ್ಲ.

"ಬಂಡೆ ಹತ್ತಿರ ತಲೆ ಹಾಕಿಲ್ಲ ಅಂದಿದ್ರಲ್ಲ ಸಾರ್?"

ಪ್ರದ್ಯುಮ್ನ ಕೈಲಿದ್ದ ಪತ್ರಿಕೆಯನ್ನು ಕಂಕುಳಿಗೆ ಸೇರಿಸಿ ಬಾಗಿಲ ಕಡೆ ತಿರುಗಿದರು.

"ಬುಡದಲ್ಲಿದ್ದ ಏಡಿಚಿಪ್ಪು ನೋಡಿದಾಗಲೇ ಮೀನುಗೂಬೆ ಅಂತ ನನಗೂ ಗೊತ್ತಾಯ್ತು," ಅಂದೆ. "ಬೇಕೆಂದೇ ತಪ್ಪು ಬರೆದೆ. ಆದರೆ ಮರಿ ಒಂದೇ, ಪಕ್ಕದಲ್ಲಿ ಒಡೆಯದ ಮೊಟ್ಟೆ ಅನ್ನೋದು ಕೆಳಗೆ ನಿಂತವರಿಗೆ ಕಾಣಲ್ಲ ಸಾರ್. ಹಗ್ಗ ಬಿಟ್ಟು ಇಳಿದವರಿಗೆ ಮಾತ್ರ ಗೊತ್ತು."

ಅವರ ಮನೆಯ ಹಿತ್ತಲಿನ ಬಚ್ಚಲಲ್ಲಿ ಮರಿ ಸಿಕ್ಕಿತು. ಕಾಲಿಗೆ ನೈಲಾನ್ ದಾರ. ಹೊರಗೆ ಕಲ್ಲು ಜೋಡಿಸಿ ಸುಳ್ಳು ಬಂಡೆ ಕಟ್ಟಿದ್ದರು. ಎದುರಿಗೆ ಕ್ಯಾಮೆರಾ. ದೊಡ್ಡ ಸ್ಪರ್ಧೆಗೆ ಒಂದು ಹತ್ತಿರದ ಫೋಟೋ ಬೇಕಿತ್ತಂತೆ! ಬಂಡೆಯ ಮೇಲೆ ಬೆಳಕು ಸಾಲದಂತೆ!

"ವಾಪಸ್ ಇಡೋನೇ ಇದ್ದೆ," ಅಂದರು.

"ಮತ್ತೆ ನಿಂಬೆಹಣ್ಣು ಯಾಕಿಟ್ರಿ?"

ನಿಂಬೆಹಣ್ಣು ಕಂಡರೆ ಯಾರನ್ನು ಹಿಡಿಯುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಥೂ! ಓದಿದ್ದೆಲ್ಲ ಇದಕ್ಕಾ?

* * *

ಅರಣ್ಯ ಇಲಾಖೆಯವರು ಆ ಸಂಜೆಯೇ ಮರಿಯನ್ನು ಗೂಡಿಗೆ ಏರಿಸಿದರು. ಕತ್ತಲಾಗುವ ಮುಂಚೆ ತಾಯಿ ಬಂದು ಪಕ್ಕದಲ್ಲಿ ಕೂತಿತು.

ಠಾಣೆಯಲ್ಲಿ ರಂಗಸ್ವಾಮಿ ದೇವರಾಜುವಿಗೆ ಅವನ ಟವೆಲು ಕೊಟ್ಟರು. "ಸರಿ, ಇನ್ನು ಹೊರಡು."

ಅವನು ಅಲ್ಲಾಡಲಿಲ್ಲ.

"ಊರ್ ಬೀದೀಲಿ ಕೈ ಕಟ್ಟಿ ಎಳ್ಕೊಂಡ್ ಬಂದ್ರಿ ಸಾ. ಈಗ ಇತ್ಲಾಗಿಂದ ಒಬ್ನೇ ಓದ್ರೆ ತಪ್ಪುಸ್ಕೊಂಡ್ ಬಂದ ಅಂತಾರೆ. ನೀವೇ ಬಂದು ಯೋಳಿ."

"ಏಯ್, ನನಗೇನು ಬೇರೆ ಕೆಲಸ ಇಲ್ವಾ?"

"ಇರ್ಲಿ ಬುಡಿ ಸಾ. ನಾ ಇಲ್ಲೇ ಕುಂತ್ಕತೀನಿ." ನೆಲದ ಮೇಲೆ ಕೂತೇಬಿಟ್ಟ. ಬೆಟ್ಟಮ್ಮನೂ ಪಕ್ಕದಲ್ಲಿ ಕೂತಳು. ನಾನು ಪೆನ್ನು ತೆಗೆದೆ. ರಂಗಸ್ವಾಮಿ ನನ್ನ ಪೆನ್ನನ್ನು ನೋಡಿ ಟೋಪಿ ಹಾಕಿಕೊಂಡರು.

ಕೊರವಂಗಲದ ಬೀದಿಯಲ್ಲಿ ಜೀಪು ನಿಂತಿತು. ಜಗುಲಿಗಳ ಮೇಲೆ ಜನ ಎದ್ದು ನಿಂತರು. ರಂಗಸ್ವಾಮಿ ಕೆಳಗಿಳಿದು ಗಂಟಲು ಸರಿಮಾಡಿಕೊಂಡರು.

"ಕಳ್ಳ ಇವನಲ್ಲ. ತಪ್ಪು ನಮ್ಮದು," ಅಂದರು, ನೆಲ ನೋಡುತ್ತ.

"ಕೇಳುಸ್ನಿಲ್ಲ ಸಾ," ಅಂದ ದೇವರಾಜು. "ಜೋರಾಗಿ."