ಮಖಮಲ್ಲಿನ ತುರಿಕೆ

"ಈ ಸಲ ನೋಡೂಣ್ರಿ" ಎಂದು ಮಾಯಾ ಅಕ್ಕೋರು ಹೇಳಿದಾಗಲೇ, ಸುಮ್ಮನೆ ಕೂತರೆ ತನ್ನ ಕತೆ ಮುಗಿಯಿತೆಂದು ಸಿದರಾಯನಿಗೆ ತಿಳಿಯಿತು.

ಅವರು ಬೆಳಗಾವಿಯ ಮಹಾಂತೇಶ ನಗರದ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಪ್ರತಿ ವರ್ಷ ಸಂಕ್ರಾಂತಿ ಮುಗಿಯುತ್ತಲೇ ಅವರ ಮಕ್ಕಳು ಬುತ್ತಿ ಕಟ್ಟಿಕೊಂಡು ಟಿಳಕವಾಡಿಯ ಅವನ ಪಾರ್ಕಿಗೆ ಬರುತ್ತಿದ್ದರು. ಅವರು ಬಂದರೆಂದರೆ ಉಳಿದ ಶಾಲೆಗಳೂ ಬರುತ್ತಿದ್ದವು. ಬರುತ್ತೀರಾ ಎಂದು ಕೇಳುವ ಪ್ರಸಂಗ ಯಾವತ್ತೂ ಬಂದಿರಲಿಲ್ಲ. ಈ ವರ್ಷ ಅವನೇ ಹೋಗಿ ಕೇಳಿದ. ಅಕ್ಕೋರು ಕಿಟಕಿಯ ಕಡೆ ನೋಡುತ್ತ ಉತ್ತರ ಕೊಟ್ಟರು.

"ನೋಡೂದೇನೈತ್ರಿ ಅಕ್ಕೋರ? ಅದ ರೈಲು, ಅದ ಜೋಕಾಲಿ."

"ಅದ ರೈಲು ಅಂತನ ಮಾಸ್ತರ್ರು ಮಾರಿ ಸಣ್ಣದು ಮಾಡ್ಯಾರ. ಹೊಸದು ನೋಡೂಣು ಅಂತಾರ. ಹಬ್ಬ ಮುಗೀಲಿ, ನಾನ ಬಂದು ಹೇಳ್ತೀನಿ."

ಹೊಸದು ಇದ್ದದ್ದು ದೇಸೂರಿನ ಆಚೆ, ಖಾನಾಪುರ ರಸ್ತೆಗೆ ಹೊಂದಿಕೊಂಡು. ಪುಣೆಯ ಯಾವುದೋ ಕಂಪನಿ ದೀಪಾವಳಿಗೆ ತೆರೆದಿತ್ತು. ಕಮಾನಿನ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರು. ಒಳಗೆ ಬಸ್ಸಿನಿಂದಲೇ ಕಾಣುವಷ್ಟು ಎತ್ತರದ ಚಕ್ರ, ತಲೆಕೆಳಗಾಗಿ ಓಡುವ ರೈಲು, ಸುಣ್ಣ ಮತ್ತು ಸಿಮೆಂಟಿನ ಗುಡ್ಡ. ಅದು ತೆರೆದ ವಾರದಲ್ಲೇ ಸಿದರಾಯನ ಗೇಟಿನ ಮುಂದಿನ ಬಲೂನಿನವನು ಕಾಣೆಯಾದ. ಅವನ ಹಿಂದೆ ಸಕ್ಕರೆ ಹತ್ತಿ ಮಾರುವವನು. ಖಾನಾಪುರದಲ್ಲಿ ಹೊಳೆಯ ದಂಡೆಗೆ ಭರಮಪ್ಪ ಒಂದು ಮಕ್ಕಳ ತೋಟ ನಡೆಸುತ್ತಿದ್ದ. ಡಿಸೆಂಬರಿನಲ್ಲಿ ಅವನ ಜೋಕಾಲಿಗಳು ಗುಜರಿಗೆ ಹೋದವು.

ಸಿದರಾಯನ ಪಾರ್ಕಿನ ಜಾಗ ಅವನದಲ್ಲ. ಅದರ ಯಜಮಾನ ಗುರುಪಾದಪ್ಪನವರು ಶಿವರಾತ್ರಿಗೆ ಹೊಸ ಕರಾರು ಬರೆದುಕೊಡಬೇಕಿತ್ತು. ಅವರ ಮಗನಿಗೆ ಅಲ್ಲಿ ಕಲ್ಯಾಣ ಮಂಟಪ ಕಟ್ಟಿಸುವ ಆಸೆ. "ಸಾಲಿ ಹುಡುಗ್ರು ಬರೂಮಟ ನಾ ಮಗನ ಮಾತು ಕೇಳಂಗಿಲ್ಲೊ ಸಿದರಾಯಾ," ಎಂದಿದ್ದರು ಮುದುಕರು. "ಬರೂದು ನಿಂತ್ರ ಮಾತ್ರ ನನ್ನ ಕೈಯಾಗೇನೂ ಇಲ್ಲ." ಅಂದರೆ ಎಲ್ಲವೂ ಮಾಯಾ ಅಕ್ಕೋರ ಒಂದು ಮಾತಿನ ಮೇಲೆ ನಿಂತಿತ್ತು.

ಸಿದರಾಯನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಣ್ಣೆ ಬೇಡದ ಗಾಲಿಗೆ ಎಣ್ಣೆ ಬಿಡುತ್ತಿದ್ದ, ಬಣ್ಣ ಒಣಗಿದ ಕುದುರೆಗೆ ಮತ್ತೆ ಬಣ್ಣ ಬಳಿಯುತ್ತಿದ್ದ. ಊಟದ ನಡುವೆ ಎದ್ದು ಗೇಟಿನವರೆಗೆ ಹೋಗಿ ಬರುತ್ತಿದ್ದ. "ಇರಿವಿ ಹೊಕ್ಕಾವೇನು ಅಂಗ್ಯಾಗ?" ಎಂದು ಹೆಂಡತಿ ಪ್ರಮಿಳಾ ಬೈದಳು. ಅವಳು ನಗಲೆಂದು ಹೇಳಿದ್ದಳು. ಅವನು ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದು ಯೋಚಿಸತೊಡಗಿದ.

ಅಷ್ಟರವರೆಗೆ ಅವನು ಬೆಂಕಿಯ ಬಗ್ಗೆ, ವೈರು ಕತ್ತರಿಸುವುದರ ಬಗ್ಗೆ, ದೊಡ್ಡ ಚಕ್ರದ ನಟ್ಟು ಸಡಿಲಿಸುವುದರ ಬಗ್ಗೆ ಯೋಚಿಸಿದ್ದ. ಒಂದೊಂದನ್ನೇ ಬಿಟ್ಟಿದ್ದ. ದಯೆಯಿಂದ ಅಲ್ಲ. ಬೆಂಕಿ ಬಿದ್ದರೆ ಪೊಲೀಸರು ಬರುತ್ತಾರೆ, ಚಕ್ರ ಬಿದ್ದರೆ ಪತ್ರಿಕೆಯವರು ಬರುತ್ತಾರೆ, ಇಬ್ಬರೂ ಮೊದಲು ಕೇಳುವುದು ಇದರಿಂದ ಯಾರಿಗೆ ಲಾಭ ಎಂದು. ಆದರೆ ಮಗು ಮೈ ಕೆರೆದುಕೊಂಡರೆ ಯಾರೂ ಬರುವುದಿಲ್ಲ. ಸುದ್ದಿ ತಾಯಂದಿರ ಬಾಯಿಗೆ ಬೀಳುತ್ತದೆ, ಅಷ್ಟೆ. ಆ ಬಾಯಿಯನ್ನು ಯಾವ ಕಂಪನಿಯೂ ಮುಚ್ಚಲಾರದು.

ಮುಟ್ಟಿದರೆ ತುರಿಕೆ ಹಿಡಿಸುವ ನಸುಗುನ್ನಿ ಕಾಯಿ ಅವನಿಗೆ ಹೊಸದಲ್ಲ. ಖಾನಾಪುರದ ಕಡೆಯ ಹಳ್ಳಿಯಲ್ಲಿ ಬೆಳೆದವನು. ಶಾಲೆಯಲ್ಲಿ ಮುಂದೆ ಕೂತವನ ಕೊರಳಪಟ್ಟಿಯೊಳಗೆ ಆ ಕಾಯಿಯ ರೋಮ ಉದುರಿಸಿದ್ದ, ತಾನೂ ಉದುರಿಸಿಕೊಂಡಿದ್ದ. ಮೈಯೆಲ್ಲ ಬೆಂಕಿ. ಉಗುರು ಹಾಕಿದಷ್ಟೂ ಹರಡುತ್ತದೆ. ಒಂದು ದಿನ ಕಳೆದರೆ ಏನೂ ಉಳಿಯುವುದಿಲ್ಲ. ಯಾರೂ ಸಾಯುವುದಿಲ್ಲ. ಡಾಕ್ಟರು ಅಲರ್ಜಿ ಎಂದು ಬರೆದು ಗುಳಿಗೆ ಕೊಡುತ್ತಾನೆ.

ಪುಷ್ಯದಲ್ಲಿ ಕಾಯಿ ಒಣಗಿರುತ್ತದೆ. ಬಸ್ಸು ಹಿಡಿದು ಖಾನಾಪುರಕ್ಕೆ ಹೋದ. ಯಾರಾದರೂ ಕೇಳಿದರೆ ಜೋಕಾಲಿಗೆ ಬಿದಿರು ನೋಡಲು ಬಂದೆ ಎನ್ನುವುದೆಂದು ನಿಶ್ಚಯಿಸಿದ್ದ. ಯಾರೂ ಕೇಳಲಿಲ್ಲ. ಅಡವಿಯ ಅಂಚಿನ ಬೇಲಿಯಲ್ಲಿ ಕಂದು ಗೊಂಚಲುಗಳು ಸಿಕ್ಕವು. ಗಾಳಿ ಬೆನ್ನಿಗೆ ಬರುವಂತೆ ನಿಂತು, ಮುಖಕ್ಕೆ ಒದ್ದೆ ಟವೆಲ್ಲು ಕಟ್ಟಿ, ಚಿಮಟಿಗೆಯಿಂದ ಕಾಯಿ ಹಿಡಿದು ರೋಮ ಹೆರೆದ. ಹೆರೆದದ್ದು ಖಾಲಿ ಪೌಡರ್ ಡಬ್ಬಿಗೆ ಹೋಯಿತು. ಮುಚ್ಚಳದ ತೂತುಗಳು ಅವನಿಗೆಂದೇ ಮಾಡಿದಂತಿದ್ದವು.

ಎಲ್ಲಿ ಹಾಕಬೇಕೆಂಬುದನ್ನು ಎದುರಾಳಿಯೇ ತೋರಿಸಿಕೊಟ್ಟ. ಹೊಸ ಪಾರ್ಕಿನ ಮ್ಯಾನೇಜರ್ ಸುಮಿತ ಊರಿನ ಸಣ್ಣ ಪಾರ್ಕಿನವರಿಗೆಲ್ಲ ಪಾಸು ಕಳಿಸಿದ್ದ. ಸೌಜನ್ಯಕ್ಕೋ, ಹೊಟ್ಟೆ ಉರಿಸಲಿಕ್ಕೋ. ಸಿದರಾಯ ಡಿಸೆಂಬರಿನಲ್ಲೇ ಹೋಗಿ ಎಲ್ಲ ನೋಡಿ ಬಂದಿದ್ದ. ಎಲ್ಲ ಆಟಗಳ ನಡುವೆ ಒಂದು ಫೋಟೊ ಮಂಟಪವಿತ್ತು. ಮಕ್ಕಳಿಗೆ ರಾಜ ರಾಣಿಯರ ಉಡುಪು ತೊಡಿಸಿ ಸಿಂಹಾಸನದ ಮೇಲೆ ಕೂರಿಸಿ ಫೋಟೊ ತೆಗೆಯುತ್ತಿದ್ದರು. ಉಡುಪೆಲ್ಲ ಕಂದುಗೆಂಪು ಮಖಮಲ್ಲು. ನಸುಗುನ್ನಿಯ ರೋಮಕ್ಕೂ ಅದಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ಒಂದೇ ಉಡುಪು ದಿನವಿಡೀ ಎಷ್ಟೋ ಮೈಗಳಿಗೆ ಏರುತ್ತಿತ್ತು.

ಸಂಕ್ರಾಂತಿಗೆ ಮುಂಚಿನ ಭಾನುವಾರ ಮತ್ತೆ ಹೋದ. ವಾಹನಗಳ ಬಯಲಿನಲ್ಲಿ ಖಾಕಿ ತೊಟ್ಟು ಸೀಟಿ ಊದುತ್ತಿದ್ದವನು ಭರಮಪ್ಪ. ಗೋವೆಯ ಬಸ್ಸುಗಳನ್ನೂ ಕೊಲ್ಲಾಪುರದ ಸುಮೋಗಳನ್ನೂ ಸಾಲಾಗಿ ನಿಲ್ಲಿಸುತ್ತಿದ್ದ.

"ಬಾರೊ ಸಿದರಾಯಾ. ನಿನಗೂ ಒಂದು ಸೀಟಿ ತಗದಿಟ್ಟಿರ್ತಾರ, ಹೆದರಬ್ಯಾಡ."

"ನನ್ನ ತುಟಿಗೆ ಅದು ಹೊಂದಂಗಿಲ್ಲೊ."

"ನನಗೂ ಹೊಂದತಿದ್ದಿಲ್ಲ. ಹೊಟ್ಟಿಗೆ ಹೊಂದ್ತು ನೋಡು, ತುಟಿ ಸುಮ್ಮನಾತು."

ಒಳಗೆ ಸುಮಿತನೇ ಎದುರಾದ. ಕೊರಳಪಟ್ಟಿಗೆ ಟೈ, ಕೈಯಲ್ಲಿ ವಾಕಿಟಾಕಿ. "ಬರ್ರಿ ಅಂಕಲ್. ನಿಮ್ಮಂಥಾ ಅನುಭವಸ್ತರು ನೋಡಿ ತಪ್ಪು ಹೇಳಬೇಕು ನಮಗ."

"ತಪ್ಪು ಏನೂ ಕಾಣವಲ್ದಪಾ," ಎಂದ ಸಿದರಾಯ. ಪೌಡರ್ ಡಬ್ಬಿ ಅವನ ಚೀಲದಲ್ಲಿ ಟವೆಲ್ಲಿನೊಳಗಿತ್ತು.

ಫೋಟೊ ಮಂಟಪದ ಹಿಂದೆ ಪರದೆ ಇಳಿಬಿಟ್ಟು ಬಟ್ಟೆ ಬದಲಿಸುವ ಜಾಗ ಮಾಡಿದ್ದರು. ತಂಗಿಯ ಮಗಳಿಗೆ ಯಾವ ಅಳತೆ ಆಗುತ್ತದೆಂದು ನೋಡುತ್ತೇನೆ ಎಂದು ಫೋಟೊದವನಿಗೆ ಹೇಳಿ ಒಳಗೆ ಹೋದ. ಅವನು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಸಿದರಾಯ ಕೈಗೆ ಪ್ಲಾಸ್ಟಿಕ್ ಚೀಲ ಏರಿಸಿ, ಉಸಿರು ಬಿಗಿಹಿಡಿದು, ಪ್ರತಿ ಉಡುಪಿನ ಕೊರಳಿಗೂ ತೋಳಿಗೂ ಡಬ್ಬಿ ಝಾಡಿಸಿದ. ಇಷ್ಟು ದಿನ ನಿಲ್ಲದೆ ಚಡಪಡಿಸುತ್ತಿದ್ದ ಕೈ ಆ ಹೊತ್ತಿನಲ್ಲಿ ಗಡಿಯಾರ ರಿಪೇರಿಯವನ ಕೈಯಂತಿತ್ತು. ಇದು ಅವನಿಗೆ ಬಹಳ ಹಿಡಿಸಿತು.

ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ನೋಡಿದ. ಗೋವೆಯ ಬಸ್ಸಿನಿಂದ ಇಳಿದಿದ್ದ ಹುಡುಗಿಯೊಬ್ಬಳು ರಾಣಿಯಾಗಿ ಸಿಂಹಾಸನ ಏರಿದಳು. ಫೋಟೊದವನು ನಗು ಎಂದ. ಅವಳು ಕುತ್ತಿಗೆಗೆ ಕೈ ಹಾಕಿದಳು. ಮತ್ತೆ ನಗು ಎಂದ. ಅವಳು ಅಳತೊಡಗಿದಳು. ಅವಳ ತಮ್ಮ ರಾಜನ ಅಂಗಿ ಕಿತ್ತೆಸೆದು ಬೆನ್ನನ್ನು ಕಂಬಕ್ಕೆ ತಿಕ್ಕಿದ. ಅವರ ಹಿಂದೆ ಕೊಲ್ಲಾಪುರದವರು. ಸಂಜೆಯಾಗುವಷ್ಟರಲ್ಲಿ ಬಸ್ಸು ಹತ್ತುತ್ತಿದ್ದ ಮಕ್ಕಳು ಒಬ್ಬರ ಬೆನ್ನನ್ನು ಒಬ್ಬರು ಕೆರೆಯುತ್ತಿದ್ದರು. ತಾಯಂದಿರು ಬೈಯುತ್ತಿದ್ದರು. ಫೋಟೊದವನು ಉಡುಪುಗಳನ್ನೆಲ್ಲ ಗಂಟು ಕಟ್ಟಿ ಒಗೆಯಲು ಕಳಿಸಿದ. ಸಿದರಾಯ ಚೀಲ ಎತ್ತಿಕೊಂಡು ಮನೆಯ ದಾರಿ ಹಿಡಿದ.

ಇಷ್ಟರಿಂದ ಕೆಲಸ ಮುಗಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ತುರಿಕೆ ಒಂದು ದಿನದ್ದು. ಮಾತು ವರ್ಷದ್ದು. ಮಾತಿಗಾಗಿ ಅವನು ನಿಯಮಗಳನ್ನು ಮಾಡಿಕೊಂಡ. ಪರಿಚಯದವರಿಗೆ ಹೇಳಬಾರದು. ಟಿಳಕವಾಡಿಯಲ್ಲಿ ಬಾಯಿ ಬಿಡಬಾರದು. ಮಾಯಾ ಅಕ್ಕೋರಿಗಂತೂ ತಾನಾಗಿ ಒಂದು ಅಕ್ಷರ ಹೇಳಬಾರದು; ಅದು ಬೇರೆಯವರ ಬಾಯಿಂದ, ಬೇರೆ ಬೇರೆ ದಿಕ್ಕಿನಿಂದ ಅವರಿಗೆ ತಲುಪಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮ, ಜಾಗದ ಹೆಸರು ಎತ್ತಬಾರದು. ಹೆಸರು ಹಿಡಿದು ದೂರುವವನನ್ನು ಜನ ನಿಂತು ನೋಡುತ್ತಾರೆ, ಇವನು ಯಾರ ಕಡೆಯವನೆಂದು ಕೇಳುತ್ತಾರೆ. ಪಾರ್ಕು ಅಂದರೆ ಸಾಕು. ಊರಿನ ಕಣ್ಣಿಗೆಲ್ಲ ಈಗ ಕಾಣುವುದು ಅದೊಂದೇ ಪಾರ್ಕು ತಾನೆ?

ಸಂಕ್ರಾಂತಿ ಬಂತು. ಬೆಳಗಾವಿಯಲ್ಲಿ ಆ ದಿನಗಳಲ್ಲಿ ಗುರುತಿಲ್ಲದವರ ಕೈಗೂ ಕುಸುರೆಳ್ಳು ಹಾಕಿ ನಾಲ್ಕು ಸಿಹಿ ಮಾತಾಡಬಹುದು, ಯಾರೂ ಹುಬ್ಬೇರಿಸುವುದಿಲ್ಲ. ಸಿದರಾಯ ಕಿಸೆ ತುಂಬ ಸಕ್ಕರೆ ಎಳ್ಳು ತುಂಬಿಕೊಂಡು ಸಿಟಿ ಬಸ್ಸು ಹತ್ತಿದ. ಮಹಾಂತೇಶ ನಗರದ ಬಸ್ಸು, ಖಾನಾಪುರದ ಬಸ್ಸು, ಮತ್ತೆ ಮಹಾಂತೇಶ ನಗರದ ಬಸ್ಸು. ಮರಾಠಿಯವರ ಜೊತೆ ಮರಾಠಿಯಲ್ಲಿ, ಕನ್ನಡದವರ ಜೊತೆ ಕನ್ನಡದಲ್ಲಿ.

"ತಗೋರಿ ಅವ್ವಾರ, ಕುಸರೆಳ್ಳು."

ಬಾಜು ಕೂತಿದ್ದ ಹೆಂಗಸು ಸೆರಗಿನಲ್ಲಿ ಹಿಡಿದಳು. ಮಡಿಲಲ್ಲಿ ಮೊಮ್ಮಗ. "ನಿಮಗೂ ಒಳ್ಳೇದಾಗ್ಲಿರಿ ಯಪ್ಪಾ."

"ಹಬ್ಬಕ್ಕ ಸಣ್ಣಾಂವನ್ನ ಎಲ್ಲೆ ಆಡಸಾಕ ಒಯ್ತೀರಿ?"

"ಎಲ್ಲೇ ಅಂತ ಒಯ್ಯೂದ್ರಿ? ಅಳಾಕ ಹತ್ತಿದ್ರ ಪಾರ್ಕಿಗೆ ಒಯ್ಯೂದು."

ಸಿದರಾಯ ಧ್ವನಿ ತಗ್ಗಿಸಿದ. "ಪಾರ್ಕಿಗೆ ಬ್ಯಾಡ್ರಿ ಅವ್ವಾರ. ನಮ್ಮ ಓಣ್ಯಾಗ ಮೂರು ಹುಡುಗ್ರು ಅಲ್ಲಿಂದ ಬಂದು ಮೈಯೆಲ್ಲಾ ರಕ್ತ ಬರೂಹಂಗ ಕೆರಕೊಂಡಾವ. ಎಂಥಾದೋ ಕಜ್ಜಿ ಅಂತ. ಒಬ್ಬರಿಂದ ಒಬ್ಬರಿಗೆ ಹತ್ತತೈತಂತ."

"ಅಯ್ಯ ಶಿವನ! ಪಾರ್ಕಿನ್ಯಾಗ?"

"ಪಾರ್ಕಿನ್ಯಾಗ."

ಹೆಂಗಸು ಮೊಮ್ಮಗನನ್ನು ಎದೆಗೆ ಒತ್ತಿಕೊಂಡಳು. ಮುಂದಿನ ಸೀಟಿನವಳು ಹೊರಳಿ ನೋಡಿದಳು. ಅವಳ ಕೈಗೂ ಎಳ್ಳು ಹಾಕಿ ಸಿದರಾಯ ಮುಂದಿನ ಸ್ಟಾಪಿಗೆ ಇಳಿದ.

ಮಾತು ಅವನು ಎಣಿಸಿದ್ದಕ್ಕಿಂತ ವೇಗವಾಗಿ ಓಡಿತು. ವಾರದೊಳಗೆ ಸ್ಟೇಷನ್ನಿನ ಮುಂದಿನ ಆಟೋದವರು ಅದನ್ನೇ ಮಾತಾಡುತ್ತಿದ್ದರು. "ಪಾರ್ಕಿನ್ಯಾಗ ರೋಗ ಐತಂತಲೊ," ಎನ್ನುತ್ತಿದ್ದವನು ಸಿದರಾಯನನ್ನು ಕಂಡು ಬೀಡಿ ಹಚ್ಚಿಕೊಳ್ಳಲು ತಿರುಗಿದ. ಕಿರಾಣಿ ಅಂಗಡಿಯಲ್ಲಿ ಇವನು ಕಾಲಿಡುತ್ತಲೇ ಹೆಂಗಸರು ಬಾಯಿ ಮುಚ್ಚಿದರು. ತನ್ನ ಎದುರು ಪೈಪೋಟಿಯವರ ಕೆಡುಕನ್ನು ಆಡುವುದು ಅವರಿಗೆ ಸಂಕೋಚವಿರಬೇಕು. ಜನ ಇನ್ನೂ ಮರ್ಯಾದಸ್ತರು ಎಂದುಕೊಂಡ. ಸೋಡಾ ಕುಡಿದು ತನಗೆ ತಾನೇ ಸಣ್ಣಗೆ ಶಿಳ್ಳೆ ಹಾಕಿದ.

ಆದರೂ ಚಡಪಡಿಕೆ ಹೋಗಲಿಲ್ಲ. ಭಾನುವಾರ ಅವನ ಪಾರ್ಕಿಗೆ ಒಂದು ನರಪಿಳ್ಳೆ ಬರಲಿಲ್ಲ. ಪ್ರಮಿಳಾ ಟಿಕೆಟ್ ಕಿಟಕಿಯಲ್ಲಿ ಕೂತು ಅಕ್ಕಿ ಆರಿಸಿದಳು.

"ಇದೇನ್ರಿ? ಹಿಂಗ ಯಾವತ್ತೂ ಆಗಿದ್ದಿಲ್ಲ. ದೀಪಾವಳಿಯಾಗರ ನಾಲ್ಕ ಮಂದಿ ಬಂದಿದ್ರು."

"ಊರಿಗೆ ಅಂಜಿಕಿ ಬಂದೈತಿ. ಆಟ ಅಂದ್ರನ ಈಗ ಮಂದಿಗೆ ಬ್ಯಾಡಾಗೈತಿ. ನಾಲ್ಕ ದಿನ ತಡಿ. ಅಲ್ಲಿ ಬಿಟ್ಟವ್ರು ಎಲ್ಲಿಗೆ ಹೋಗ್ತಾರ? ಇಲ್ಲಿಗೆ ಬರ್ತಾರ."

ಹೀಗೆ ಹೇಳಿ ರೈಲನ್ನು ಖಾಲಿಯಾಗಿಯೇ ಒಂದು ಸುತ್ತು ಓಡಿಸಿದ. ಅದು ಸರಿಯಾಗಿಯೇ ಓಡಿತು. ಮತ್ತೊಂದು ಸುತ್ತು ಓಡಿಸಿದ.

ಮಾಯಾ ಅಕ್ಕೋರು ಮಾತು ತಪ್ಪಲಿಲ್ಲ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಆಟೋ ಮಾಡಿಕೊಂಡು ತಾವೇ ಬಂದರು. ಪ್ರಮಿಳಾ ಖುರ್ಚಿ ಒರೆಸಿ, "ಕುಂದರ್ರಿ ಅಕ್ಕೋರ, ಚಾ ಮಾಡ್ತೀನಿ," ಎಂದಳು. ಅವರು ಕೂರಲಿಲ್ಲ. ಖುರ್ಚಿಯನ್ನು ಮುಟ್ಟಲೂ ಇಲ್ಲ. ಸಿದರಾಯ ಅದನ್ನು ಗಮನಿಸಿದ, ಅವಸರದಲ್ಲಿರಬೇಕೆಂದು ಬಿಟ್ಟ. ಮುಖದ ಮೇಲೆ ಗೆಲುವು ಕಾಣದಂತೆ ತುಟಿ ಬಿಗಿಹಿಡಿದಿದ್ದ.

"ಮನಸ್ಸಿಗೆ ಹಚ್ಕೋಬ್ಯಾಡ್ರಿ," ಎಂದರು ಅಕ್ಕೋರು. "ನಾ ನಿಮ್ಮ ಕಡೆನ ಇದ್ದೆ. ಮಾಸ್ತರ್ರನ್ನೂ ಒಪ್ಪಿಸಿದ್ದೆ, ಖರೇನ. ಆದ್ರ ತಾಯಂದ್ರು ಒಪ್ಪವಲ್ರು. ಪಾರ್ಕಿಗೆ ಕಳಸಂಗಿಲ್ಲ ಅಂತ ಪಟ್ಟು ಹಿಡದು ಕುಂತಾರ. ಅದಕ್ಕ ದೇಸೂರಕ್ಕ ಬಸ್ಸು ಹೇಳೀನಿ. ಉಳದ ಸಾಲಿಯವರೂ ಅಲ್ಲಿಗೇ ಹೊಂಟಾರ."

ಸಿದರಾಯ ನಕ್ಕ. ನಿಜಕ್ಕೂ ನಗು ಬಂತು. ಓದಿದವರೂ ಎಷ್ಟು ತಲೆಕೆಳಗಾಗಿ ಕೇಳಿಸಿಕೊಳ್ಳುತ್ತಾರೆ! ತಿದ್ದಿದರಾಯಿತು, ಮಾತು ಈಗ ತನ್ನದಲ್ಲ, ಊರಿನದು. "ಅಕ್ಕೋರ, ಉಲ್ಟಾ ಕೇಳೀರಿ ನೋಡ್ರಿ. ಮಂದಿ ಪಾರ್ಕಿಗೆ ಬ್ಯಾಡ ಅಂದದ್ದು ಅದಕ್ಕ. ದೊಡ್ಡ ಪಾರ್ಕಿಗೆ. ಖಾನಾಪುರ ರಸ್ತೇದ್ದಕ್ಕ."

ಅಕ್ಕೋರು ಅವನನ್ನು ಕರುಣೆಯಿಂದ ನೋಡಿದರು. ಬೇನೆ ಬಿದ್ದವನು ತನಗೇನೂ ಆಗಿಲ್ಲ ಎನ್ನುವಾಗ ನೋಡುವಂತೆ. ದೇಸೂರಿಗೆ ಹೋಗಿ ಬಂದ ಊರಿನ ಹುಡುಗರು ಯಾರೂ ಕೆರೆದುಕೊಂಡದ್ದನ್ನು ಅವರು ಕಂಡಿರಲಿಲ್ಲ. ಕೆರೆದುಕೊಂಡವರೆಲ್ಲ ಅದೇ ಸಂಜೆ ಗೋವೆಗೂ ಕೊಲ್ಲಾಪುರಕ್ಕೂ ಹೊರಟುಹೋಗಿದ್ದರು. ಅಕ್ಕೋರು ಸೆರಗನ್ನು ಮೈಗೆ ಹತ್ತಿರ ಎಳೆದುಕೊಂಡು, ಗೇಟಿನ ಕಡೆ ಹೆಜ್ಜೆ ಇಡುತ್ತ ಅಂದರು: "ಅದಕ್ಕ ಯಾರ್ರಿ ಪಾರ್ಕು ಅಂತಾರ? ಅದರ ಇಂಗ್ಲಿಷ್ ಹೆಸರು ಯಾರ ಬಾಯಾಗೂ ಹೊಳ್ಳಂಗಿಲ್ಲ, ಅದಕ್ಕೆಲ್ಲಾರೂ ದೇಸೂರ ಅಂತಾರ. ಈ ಊರಾಗ ಪಾರ್ಕು ಅಂದ್ರ ನಿಮ್ಮದೊಂದ. ನಾ ಸಾಲಿ ಕಲಿಯೂವಾಗಿಂದ ಹಂಗ ಅಂತೀವಿ, ಇವತ್ತಿಗೂ ಹಂಗ. ನಿಮಗ ಗೊತ್ತಿದ್ದಿಲ್ಲೇನು?"