ಬಲಗಡೆ ಹೆಡ್‌ಲೈಟ್

ಮದುವೆಯಾಗಿ ಹದಿನಾರು ದಿನವಾಗಿತ್ತು. ಗಂಡನನ್ನು ನಾನಿನ್ನೂ ಏನೆಂದೂ ಕರೆದಿರಲಿಲ್ಲ. ಹೆಸರು ಹಿಡಿದು ಕರೆಯುವಂತಿಲ್ಲ, 'ರೀ' ಅನ್ನಲು ನಾಚಿಕೆ. ಕಾಫಿ ಲೋಟ ಪಕ್ಕದಲ್ಲಿಟ್ಟು ಬಳೆ ಸದ್ದು ಮಾಡುತ್ತಿದ್ದೆ. ಅವರು ತಿರುಗಿ ನೋಡಿ ನಗುತ್ತಿದ್ದರು. ಅಷ್ಟೇ ನಮ್ಮ ಸಂಸಾರ.

ಇದು ಅರವತ್ತಮೂರರ ಮಾತು. ಜಯನಗರ ಮೂರನೇ ಬ್ಲಾಕಿನ ಮನೆ. ಇವರು, ಅಂದರೆ ತಿರುಮಲೇಶ, ಕಾಲೇಜಿನಲ್ಲಿ ಬಾಟನಿ ಮೇಷ್ಟ್ರು. ಯುದ್ಧಕಾಲದ ಮಿಲಿಟರಿ ಆಂಬುಲೆನ್ಸೊಂದನ್ನು ಹರಾಜಿನಲ್ಲಿ ಹಿಡಿದು, ಒಳಗೆ ಎರಡು ಹಲಗೆ ಮಂಚ, ಸೀಮೆಎಣ್ಣೆ ಸ್ಟವ್, ಕಿಟಕಿಗೆ ಹೂವಿನ ಪರದೆ ಹಾಕಿಸಿ, ಓಡಾಡುವ ಮನೆ ಮಾಡಿಕೊಂಡಿದ್ದರು. ಬೀದಿಯವರೆಲ್ಲ ನಗುತ್ತಿದ್ದರು. ನನಗೋ ಆ ವ್ಯಾನು ನೋಡಿದ ದಿನವೇ ವಿಪರೀತ ಇಷ್ಟವಾಗಿತ್ತು, ಆದರೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ನನ್ನಪ್ಪ ಅನಂತರಾಮು ಮೋಟಾರ್ ವರ್ಕ್‌ಶಾಪ್ ಇಟ್ಟವರು. ಗಂಡುಮಕ್ಕಳಿಲ್ಲದ ಮನೆ. ಸ್ಕೂಲು ಬಿಟ್ಟಮೇಲೆ ನಾನು ಸ್ಪ್ಯಾನರ್ ಹಿಡಿದೇ ಬೆಳೆದೆ, ಗಾಡಿ ಓಡಿಸುವುದನ್ನೂ ಕಲಿತೆ. ಹೆಣ್ಣು ನೋಡಲು ಬಂದಾಗ ಮಾತ್ರ ತಲೆ ತಗ್ಗಿಸಿ ಎರಡು ದೇವರನಾಮ ಹಾಡಿದೆ. ಉಗುರಿನ ಸಂದಿಯ ಗ್ರೀಸನ್ನು ಅಮ್ಮ ಹಿಂದಿನ ದಿನವೇ ಸೀಗೆಪುಡಿ ಹಾಕಿ ಉಜ್ಜಿ ತೆಗೆದಿದ್ದಳು. "ಆ ಮನೇಲಿ ಸ್ಪ್ಯಾನರ್ ಗೀನರ್ ಅಂತ ಬಾಯಿಬಿಟ್ಟೀಯ, ಜೋಕೆ! ಗಂಡನ ಮನಸ್ಸು ಮುರಿದುಹೋಗುತ್ತೆ," ಎಂದಿದ್ದಳು. ಆ ಹೆದರಿಕೆ ದಿನವೂ ಇತ್ತು, ಏಕೆಂದರೆ ಅಷ್ಟರಲ್ಲೇ ಇವರ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿತ್ತು.

ಮರುದಿನ ಬೆಳಕು ಹರಿಯುವ ಮೊದಲೇ, ನಾವಿಬ್ಬರೇ, ವ್ಯಾನಿನಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಡುವುದೆಂದಾಗಿತ್ತು. ಕನಕಪುರ ರಸ್ತೆಯಲ್ಲಿ ಆಗ ಬೀದಿದೀಪವೆಲ್ಲಿತ್ತು? ಹೊರಡುವ ಹಿಂದಿನ ಮಧ್ಯಾಹ್ನ ನೋಡಿದರೆ ಬಲಗಡೆ ಹೆಡ್‌ಲೈಟ್ ಸುಟ್ಟುಹೋಗಿದೆ, ಗಾಜಿನೊಳಗೆಲ್ಲ ಕಪ್ಪು ಹಿಡಿದಿದೆ. ಇವರು ಪೇಟೆಗೆ ಹೋಗಿ ಹೊಸದು ತಂದು, ಪಂಚೆ ಎತ್ತಿ ಕಟ್ಟಿ, ಸ್ಕ್ರೂಡ್ರೈವರ್ ಹಿಡಿದು ಕೂತರು.

ನಾನು ಜಗುಲಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಕಣ್ಣೆಲ್ಲ ಅಲ್ಲೇ. ಹೊರಗಿನ ರಿಂಗ್ ತೆಗೆದರು, ಸರಿ. ಆಮೇಲೆ ದೀಪವನ್ನು ಹಿಡಿದಿರುವ ಮೂರು ಪುಟ್ಟ ಸ್ಕ್ರೂಗಳನ್ನು ಬಿಟ್ಟು ಮೇಲಿನ ಉದ್ದ ಸ್ಕ್ರೂಗೆ ಕೈಹಾಕಿದರು. ಅಯ್ಯೋ ರಾಮ! ಅದು ಬೆಳಕು ಎಲ್ಲಿ ಬೀಳಬೇಕೆಂದು ಸರಿಮಾಡುವ ಸ್ಕ್ರೂ. ತಿರುಗಿಸಿದರು, ತಿರುಗಿಸಿದರು, ದೀಪ ತೆಂಗಿನಮರ ನೋಡತೊಡಗಿತು. ಕೊನೆಗೆ ಬೇಸತ್ತು ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿದರು.

"ರೀ! ಮೀಟಬೇಡಿ, ಒಡೆದುಹೋಗುತ್ತೆ!"

ಬೀದಿಗೆಲ್ಲ ಕೇಳಿಸಿರಬೇಕು. ಇವರು ನಿಧಾನವಾಗಿ ತಿರುಗಿದರು. ಕನ್ನಡಕದ ಹಿಂದೆ ಕಣ್ಣು ಅಗಲವಾಗಿತ್ತು.

"ನನ್ನನ್ನೇನಾ ಕರೆದಿದ್ದು?"

"ಇನ್ಯಾರನ್ನ?"

"ಇನ್ನೊಂದ್ಸಲ ಕರಿ."

"ಮೊದ್ಲು ಅದನ್ನ ಕೆಳಗಿಡಿ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಇಳಿದೆ. ತುಕ್ಕು ಹಿಡಿದ ಸ್ಕ್ರೂಗಳಿಗೆ ಒಂದೊಂದು ಹನಿ ಸೀಮೆಎಣ್ಣೆ ಬಿಟ್ಟೆ, ಮೂರನ್ನೂ ಸಡಿಲಿಸಿದೆ, ಸುಟ್ಟ ದೀಪವನ್ನು ಹೊರಗೆಳೆದು ಹಿಂದಿನ ಪ್ಲಗ್ ಬಿಡಿಸಿದೆ. ಹೊಸದಕ್ಕೆ ಪ್ಲಗ್ ಒತ್ತಿ ಕೂರಿಸಿದೆ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು.

"ದೀಪ ನೋಡಿ, ಕಲಿತ್ಕೊಳ್ಳಿ," ಎಂದೆ.

"ಕಲೀತಿದೀನಿ."

ಕಿವಿಯವರೆಗೂ ಬಿಸಿಯಾಯಿತು. ಸ್ಕ್ರೂ ಕೈಜಾರಿ ಬಿತ್ತು. ಇಬ್ಬರೂ ಬಗ್ಗಿ ಹುಡುಕಿದೆವು. ಸಿಕ್ಕಮೇಲೆ ದೀಪ ಕೂರಿಸಿ ಮೂರನ್ನೂ ಬಿಗಿದೆ.

ಮುಸ್ಸಂಜೆಗೆ ವ್ಯಾನನ್ನು ಕಾಂಪೌಂಡ್ ಗೋಡೆಗೆ ಎದುರಾಗಿ ನಿಲ್ಲಿಸಿ, ಎಡಗಡೆ ಬೆಳಕು ಬಿದ್ದಷ್ಟೇ ಎತ್ತರಕ್ಕೆ ಬಲಗಡೆಯೂ ಸೀಮೆಸುಣ್ಣದ ಗುರುತು ಹಾಕಿದೆ. ಗೋಡೆಯ ಹತ್ತಿರ ನಾನು, ಸ್ಕ್ರೂ ಹತ್ತಿರ ಇವರು.

"ಇನ್ನೂ ಕೆಳಕ್ಕೆ. ಅರ್ಧ ಸುತ್ತು. ಅರ್ಧ ಅಂದ್ರೆ ಅರ್ಧ, ಮೇಷ್ಟ್ರೇ!"

"ಸ್ಟೂಡೆಂಟ್ಸ್‌ಗೆ ನಾನೂ ಇಷ್ಟು ಬಯ್ಯಲ್ಲ," ಎಂದು ಗೊಣಗುತ್ತಲೇ ತಿರುಗಿಸಿದರು. ಬೆಳಕು ಗುರುತಿನ ಮೇಲೆ ಬಂದು ನಿಂತಿತು.

ಅಷ್ಟರಲ್ಲಿ ತುಳಸಿಗೆ ದೀಪವಿಡಲು ಅತ್ತೆ ಶಾಂತಾದೇವಿ ಹೊರಗೆ ಬಂದರು. ಸಂಜೆ ಎಲ್ಲಿ ಬೆಳಕು ಹತ್ತಿದರೂ ಕೈಮುಗಿಯುವ ಅಭ್ಯಾಸ ಅವರಿಗೆ, ಹೆಡ್‌ಲೈಟಿಗೂ ಮುಗಿದರು. "ಹತ್ತಿತಲ್ಲ! ಯಾರು ಮಾಡಿದ್ದೋ?"

"ನೀವೇ ಅಂತ ಹೇಳಿ, ನಿಮ್ಮ ದಮ್ಮಯ್ಯ," ಎಂದು ಇವರ ಬಳಿಗೋಡಿ ಪಿಸುಗುಟ್ಟಿದೆ.

"ಕೆಡಿಸಿದ್ದು ನಾನಮ್ಮಾ. ರಿಪೇರಿ ಮಾಡಿದ್ದು ಕಾತ್ಯಾಯಿನಿ," ಎಂದರು ಇವರು, ಗಟ್ಟಿಯಾಗಿ, ಎದೆಯುಬ್ಬಿಸಿ.

ಅತ್ತೆ ಮೆಟ್ಟಿಲಿಳಿದು ಬಂದು ನನ್ನ ಕರಿ ಮೆತ್ತಿದ ಕೈ ನೋಡಿದರು.

"ಗಾಡಿ ಓಡಿಸೋಕೂ ಬರುತ್ತಾ?"

"ಬರುತ್ತೆ, ಅತ್ತೆ."

"ಅಬ್ಬಾ, ಬದುಕಿದೆ! ಇವನು ನಿನ್ನ ಕೂರಿಸ್ಕೊಂಡು ಬೆಟ್ಟ ಹತ್ತುತಾನೆ ಅಂತ ಒಂದು ವಾರದಿಂದ ನಿದ್ದೆಯಿಲ್ಲ ನಂಗೆ. ನೀನೇ ಓಡಿಸು ತಾಯಿ," ಎಂದು ತುಳಸಿಕಟ್ಟೆಯ ಕಡೆ ನಡೆದರು.

ನನಗೆ ಅಳು ಬಂದುಬಿಟ್ಟಿತು. ಎಂಥ ಒಳ್ಳೆ ಮನೆಗೆ ತಂದು ಸೇರಿಸಿದೆಯಪ್ಪಾ ದೇವರೇ ಎಂದು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಇವರು ಲೈಟು ಆರಿಸಿ ಬಂದು ಪಕ್ಕದಲ್ಲಿ ನಿಂತರು.

"ಯಾಕೆ ಮುಚ್ಚಿಟ್ಟೆ?"

"ನಾನು ನಿಮಗೆ ಬೇಡವಾಗಿಬಿಟ್ರೆ ಅಂತ."

ನನ್ನ ಗ್ರೀಸ್ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇಷ್ಟು ದಿನ ಮನೇಲಿ ಯಾರೋ ಒಳ್ಳೆ ಹುಡುಗಿ ಇದ್ಲು. ಅವಳ ಹತ್ರ ಏನು ಮಾತಾಡೋದೂಂತ ನಂಗೆ ತಿಳೀತಿರಲಿಲ್ಲ. ಇವತ್ತು ನೀನು ಬಂದೆ. ಬಂದಿದ್ದಕ್ಕೆ ಥ್ಯಾಂಕ್ಸ್ ಕಣೇ."

ಆ ಮಾತು ಹೇಳಬೇಕಾದವಳು ನಾನು. ಹಿಡಿದ ಕೈಯನ್ನು ಬಿಡಲಿಲ್ಲ.